ಕೇಳದೆ ಕಿತ್ತ ಎಲೆ



ಈ ವಾರ ಒಂದು ಎಲೆಯ ವಿಷಯ ಬರೆಯುತ್ತಿದ್ದೇನೆ. ಸಂಗತಿ ತೀರಾ ಚಿಕ್ಕದು. ಆದರೆ ಅದರ ಹಿಂದೆ ಬಂದ ಪ್ರಶ್ನೆ ನನ್ನನ್ನು ಕೆಲವು ತಿಂಗಳಿಂದ ಬಿಟ್ಟಿಲ್ಲ. ನಿಮ್ಮ ಮನೆಯ ಅಂಗಳದಲ್ಲೂ ಅದು ಎಂದೋ ಎದ್ದಿರಬಹುದು, ಮುಂದೆ ಏಳಲೂಬಹುದು.

ಕಳೆದ ಮಳೆಗಾಲದ ಕೊನೆಯಲ್ಲಿ ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ತಾವರಗೇರಾಕ್ಕೆ ಒಂದು ಕುಟುಂಬದ ಭೇಟಿಗೆ ಹೋಗಿದ್ದೆ. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಾಗ ಆ ಮನೆಯ ಎಂಟನೆಯ ತರಗತಿಯ ಹುಡುಗಿ ಹಿತ್ತಲಿನಿಂದ ಪೇಂಟಿನ ಹಳೆಯ ಡಬ್ಬಿಯೊಂದನ್ನು ತಂದು ನನ್ನ ಮುಂದಿಟ್ಟಳು. ಅದರಲ್ಲಿ ಮೂರು ಪುಟ್ಟ ಸಸಿಗಳಿದ್ದವು. ನರ್ಸರಿಯವರು ಸ್ನೇಕ್ ಪ್ಲಾಂಟ್ ಎಂದು ಕರೆಯುವ, ಹಾವಿನ ಮೈಯಂತೆ ಪಟ್ಟೆಯಿರುವ, ಕತ್ತಿಯಂತೆ ನೆಟ್ಟಗೆ ನಿಲ್ಲುವ ಗಿಡ ಅದು.

"ಫಾದರ್, ಇದು ಯಾಕ ಹಿಂಗ ಬಂತು ಹೇಳ್ರಿ. ಬಾಜೂ ಮನಿ ಅಕ್ಕೋರ ಗಿಡಕ್ಕ ಹಳದಿ ಅಂಚು ಐತಿ. ನಾ ಅದರ ಎಲೀನಽ ತಂದು ನಟ್ಟೀನಿ. ಇದಕ್ಕ ಅಂಚಽ ಬಂದಿಲ್ಲ" ಎಂದಳು. (ಆ ಸೀಮೆಯಲ್ಲಿ ಅಕ್ಕೋರು ಎಂದರೆ ಶಿಕ್ಷಕಿ.)

"ಅಕ್ಕೋರು ಎಲೆ ಕೊಟ್ಟರೇನು?" ಎಂದು ಕೇಳಿದೆ. ಹುಡುಗಿ ತಲೆ ತಗ್ಗಿಸಿದಳು. "ಕೇಳಿಲ್ರಿ. ಕದ್ದು ತಂದ ಗಿಡ ಚಲೋ ಬರ್ತೈತಿ ಅಂತ ಅಜ್ಜಿ ಅಂದಿದ್ಲು." ಒಳಗಿನಿಂದ ಅಜ್ಜಿಯ ದನಿ ಕೇಳಿಸಿತು: "ನಾ ಅಂದಿದ್ದು ಮನಿ ಪ್ಲಾಂಟಿಗಷ್ಟಽ!" ಎಲ್ಲರೂ ನಕ್ಕೆವು. ಹುಡುಗಿ ಮಾತ್ರ ನಗಲಿಲ್ಲ. "ಕದ್ದಿದ್ದಕ್ಕ ದೇವರು ಅಂಚು ಕೊಡ್ಲಿಲ್ಲೇನ್ರಿ? ಅಕ್ಕೋರ ಗಿಡ ಹಾಂಗಽ ಐತಿ. ಅವರಿಗೇನೂ ಕಡಿಮಿ ಆಗಿಲ್ಲ. ಆದ್ರೂ ಇದು ಕಳವಾಗ್ತೈತೇನ್ರಿ?"

ಗುರುಮಠದಲ್ಲಿ ವರ್ಷಗಟ್ಟಲೆ ತತ್ತ್ವಶಾಸ್ತ್ರ, ದೈವಶಾಸ್ತ್ರ ಓದಿದ ನಾನು ಚಹಾದ ಲೋಟ ಕೆಳಗಿಟ್ಟೆ. ಮಗು ಕೇಳಿದ್ದು ಎರಡು ಪ್ರಶ್ನೆ. ತಪ್ಪು ಮಾಡಿದವರ ಗಿಡಕ್ಕೆ ದೇವರು ಬಣ್ಣ ತಪ್ಪಿಸುತ್ತಾನೆಯೇ? ಯಾರಿಗೂ ಏನೂ ಕಡಿಮೆಯಾಗದಿದ್ದರೆ ಅದು ಕಳವೇ? (ಇದು ಕಟ್ಟೆಯ ಮೇಲೆ ಎಲ್ಲರೆದುರು ಆಡಿದ ಮಾತು. ಆ ಮನೆಯವರೂ ಅಕ್ಕೋರೂ ಒಪ್ಪಿದ ಮೇಲೆಯೇ, ಹೆಸರು ಹೇಳದೆ, ಇಲ್ಲಿ ಬರೆಯುತ್ತಿದ್ದೇನೆ.)

ಅಂಚು ಎಲ್ಲಿ ಹೋಯಿತು?

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ನನಗೆ ಗಿಡಗಳ ಹುಚ್ಚು ಸ್ವಲ್ಪ ಇರುವುದರಿಂದ ಅದು ಗೊತ್ತಿತ್ತು.

ಈ ಗಿಡದ ಒಂದು ಎಲೆಯನ್ನು ಮೂರು ನಾಲ್ಕು ಅಂಗುಲದ ತುಂಡುಗಳಾಗಿ ಕತ್ತರಿಸಿ, ಗಾಯ ಒಣಗಲು ಎರಡು ಮೂರು ದಿನ ನೆರಳಿನಲ್ಲಿಟ್ಟು, ಉಸುಕು ಬೆರೆಸಿದ ಮಣ್ಣಿನಲ್ಲಿ ನೆಟ್ಟರೆ ಪ್ರತಿಯೊಂದು ತುಂಡೂ ಬೇರು ಬಿಡಬಲ್ಲದು. ತುಂಡಿನ ಬುಡದ ಭಾಗವೇ ಕೆಳಗಿರಬೇಕು. ತಲೆಕೆಳಗಾಗಿ ನೆಟ್ಟರೆ ಅದು ಬೇರು ಬಿಡದು. ಬರೀ ಎರೆ ಮಣ್ಣಾದರೆ ನೀರು ನಿಂತು ಎಲೆ ಕೊಳೆಯುತ್ತದೆ. ಮಸಾರಿಗೆ ಉಸುಕು ಬೆರೆಸಿದರೆ ವಾಸಿ. ಬೇರು ಬರಲು ತಿಂಗಳು, ಮೊಳಕೆ ಕಾಣಲು ಇನ್ನೂ ಕೆಲವು ತಿಂಗಳು ಕಾಯಬೇಕು.

ಆದರೆ ಹಳದಿ ಅಂಚಿನ ಜಾತಿಯಲ್ಲಿ ಒಂದು ವಿಶೇಷವಿದೆ. ಅದರ ಎಲೆಯಲ್ಲಿ ಎರಡು ಬಗೆಯ ಜೀವಕೋಶಗಳು ಜೊತೆಯಾಗಿ ಬಾಳುತ್ತವೆ. ಅಂಚಿನ ಕೋಶಗಳಲ್ಲಿ ಹಸಿರು ಹುಟ್ಟುವುದಿಲ್ಲ. ನಡುವಿನ ಕೋಶಗಳಲ್ಲಿ ಹುಟ್ಟುತ್ತದೆ. ಕತ್ತರಿಸಿದ ಎಲೆಯಿಂದ ಹೊಸ ಮೊಳಕೆ ಏಳುವಾಗ ಅದು ಹಸಿರು ಕೋಶಗಳಿಂದ ಏಳುತ್ತದೆ. ಆದ್ದರಿಂದ ಮರಿಗಿಡ ಪೂರ್ತಿ ಹಸಿರು. ಅಂಚು ಉಳಿಯಬೇಕಾದರೆ ತಾಯಿಗಿಡದ ಬುಡ ಬಿಡಿಸಿ, ಬೇರಿನ ಸಮೇತ ಮರಿಯನ್ನು ಬೇರ್ಪಡಿಸಬೇಕು. ಇದು ಕದ್ದವರ ಕುಂಡದಲ್ಲಿ ಹೇಗೋ ಹಾಗೆಯೇ ಕೊಂಡವರ ಕುಂಡದಲ್ಲಿ, ಬಿಷಪರ ಮನೆಯ ಕುಂಡದಲ್ಲೂ ನಡೆಯುವ ಸಂಗತಿ.

"ದೇವರು ನಿನಗೆ ಶಿಕ್ಷೆ ಕೊಟ್ಟಿಲ್ಲ. ನೀನು ಕೇಳಿ ತಂದಿದ್ದರೂ ಅಂಚು ಬರುತ್ತಿರಲಿಲ್ಲ" ಎಂದೆ. ಹುಡುಗಿಯ ಮುಖ ಹಗುರಾಯಿತು. ಪೋಷಕರೇ, ಇದನ್ನು ಒತ್ತಿ ಹೇಳಬೇಕಾಗಿದೆ. ಮಗು ಬಿದ್ದಾಗ, ಜ್ವರ ಬಂದಾಗ, "ನೋಡು, ಸುಳ್ಳು ಹೇಳಿದ್ದಕ್ಕೆ ದೇವರು ಕೊಟ್ಟ" ಎಂದು ನಾವು ಹೇಳಿಬಿಡುತ್ತೇವೆ. ಆ ಕ್ಷಣಕ್ಕೆ ಮಗು ಹೆದರುತ್ತದೆ. ಆದರೆ ಮುಂದೆ ಒಂದು ದಿನ ಸುಳ್ಳು ಹೇಳಿಯೂ ಜ್ವರ ಬಾರದಿದ್ದಾಗ ಅದು ಏನು ಕಲಿಯುತ್ತದೆ? ಈ ಹುಡುಗಿ ಅಂಚಿಲ್ಲದ ಗಿಡದ ಎಲೆಯನ್ನೇ ಕದ್ದಿದ್ದರೆ ಮರಿ ತಾಯಿಯಂತೆಯೇ ಬಂದು, ಕಳವೇ ಸರಿ ಎಂದು ತೋರುತ್ತಿತ್ತು. ಮಾಡಿದ್ದು ಸರಿಯೋ ತಪ್ಪೋ ಎಂಬುದನ್ನು ಬೆಳೆದ ಫಲದಿಂದ ಅಳೆಯಲಾಗದು.

ಯಾರಿಗೂ ನಷ್ಟವಿಲ್ಲದ ಕಳವು

ಇನ್ನು ಎರಡನೆಯ ಪ್ರಶ್ನೆ. ಕೋಳಿ ಕದ್ದರೆ ಒಡೆಯನಿಗೆ ಕೋಳಿ ಇಲ್ಲ. ಹಣ ಕದ್ದರೆ ಹಣ ಇಲ್ಲ. ಆದರೆ ಎಲೆಯಿಂದ ಗಿಡವಾದಾಗ ಲೋಕದಲ್ಲಿ ಒಂದಿದ್ದದ್ದು ಎರಡಾಗುತ್ತದೆ. ಪಾಸ್ಕ ಜಾಗರಣೆಯ ರಾತ್ರಿ ದೊಡ್ಡ ಮೇಣದಬತ್ತಿಯಿಂದ ನಮ್ಮ ನಮ್ಮ ಬತ್ತಿಗಳನ್ನು ಹಚ್ಚಿಕೊಳ್ಳುತ್ತೇವಲ್ಲ, ಆ ಬೆಳಕಿನಂತೆ ಇದು ಹಂಚಿದರೂ ಕುಗ್ಗದ ವಸ್ತು.

ಧರ್ಮಶಾಸ್ತ್ರವೂ ಇಂಥಲ್ಲಿ ಕಠಿಣವಾಗಿ ಮಾತಾಡುವುದಿಲ್ಲ. ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದ ಕೊನೆಯಲ್ಲಿ ಒಂದು ಸುಂದರವಾದ ನಿಯಮವಿದೆ. ನೆರೆಯವನ ದ್ರಾಕ್ಷಿತೋಟಕ್ಕೆ ಹೋದವನು ಹೊಟ್ಟೆ ತುಂಬ ಹಣ್ಣು ತಿನ್ನಬಹುದು, ಬುಟ್ಟಿಯಲ್ಲಿ ತುಂಬಿಕೊಂಡು ಹೋಗಬಾರದು. ಹೊಲದಲ್ಲಿ ಕೈಯಿಂದ ತೆನೆ ಮುರಿಯಬಹುದು, ಕುಡುಗೋಲು ಹಾಕಬಾರದು. ಪ್ರಭು ಯೇಸುವಿನ ಶಿಷ್ಯರು ಸಬ್ಬತ್ ದಿನ ತೆನೆ ಮುರಿದಾಗ ಫರಿಸಾಯರು ತಕರಾರು ತೆಗೆದದ್ದನ್ನು ಮತ್ತಾಯನ ಶುಭಸಂದೇಶದ 12ನೆಯ ಅಧ್ಯಾಯದಲ್ಲಿ ಓದುತ್ತೇವೆ. ಅಲ್ಲಿ ತಕರಾರು ಸಬ್ಬತ್ತಿನದು. ಕಳವು ಎಂದು ಯಾರೂ ಅನ್ನಲಿಲ್ಲ. ನಮ್ಮ ಊರುಗಳಲ್ಲೂ ಇದೇ ರೂಢಿ. ಒಲೆಯ ಮೇಲೆ ಒಗ್ಗರಣೆಯಿಟ್ಟು ಪಕ್ಕದ ಹಿತ್ತಲಿಗೆ ಓಡಿ, "ಯಕ್ಕಾ, ಕರಿಬೇವು ತಗೋತೀನ್ರಿ" ಎಂದು ಕೂಗಿ, ಉತ್ತರ ಬರುವ ಮೊದಲೇ ಕಿತ್ತುಕೊಂಡು ಬರುವುದನ್ನು ಯಾರೂ ಕಳವು ಎನ್ನುವುದಿಲ್ಲ.

ಹಾಗಾದರೆ ಹುಡುಗಿ ತಂದ ಎಲೆಗೂ ಕರಿಬೇವಿನ ಎಸಳಿಗೂ ವ್ಯತ್ಯಾಸವೇನು? ಆ ಒಂದು ಕೂಗು. ಸಂತ ತೋಮಾಸ್ ಅಕ್ವಿನಾಸರು ಕಳವನ್ನು ವಿವರಿಸುವಾಗ ಅದು ಪರರ ವಸ್ತುವನ್ನು ಗುಟ್ಟಾಗಿ ತೆಗೆದುಕೊಳ್ಳುವುದು ಎನ್ನುತ್ತಾರೆ. ಗುಟ್ಟು ಎಂಬುದನ್ನು ಅವರು ಸುಮ್ಮನೆ ಸೇರಿಸಿಲ್ಲ. ಕಡು ಹಸಿವಿನಲ್ಲಿ ಜೀವ ಉಳಿಸಿಕೊಳ್ಳಲು ತೆಗೆದುಕೊಂಡದ್ದು ಕಳವಲ್ಲವೆಂದೂ ಅವರೇ ಬರೆದಿದ್ದಾರೆ. ಆದರೆ ಎಲೆಗಾಗಿ ಯಾರೂ ಸಾಯುವುದಿಲ್ಲ.

ಕಟ್ಟೆಯ ಮೇಲೆ ನಾನು ಹುಡುಗಿಗೆ ಹೇಳಿದ್ದಿಷ್ಟು: "ಅಕ್ಕೋರು ಎಲೆ ಕಳೆದುಕೊಂಡದ್ದು ದೊಡ್ಡದಲ್ಲ. ಕೊಡುವ ಸಂತೋಷವನ್ನು ಅವರಿಂದ ತಪ್ಪಿಸಿದೆ. ಹೋಗಿ ಹೇಳಿಬಿಡು." ಒಳ್ಳೆಯ ಉತ್ತರ ಕೊಟ್ಟೆನೆಂದು ಸಮಾಧಾನಪಟ್ಟುಕೊಂಡು ಬಸ್ಸು ಹತ್ತಿದೆ. ಅದು ಅರ್ಧ ಉತ್ತರವಾಗಿತ್ತೆಂದು ಆಮೇಲೆ ತಿಳಿಯಿತು.

ಕದ್ದ ಗಿಡ ಚಿಗುರುತ್ತದೆಯೇ?

ನಡುವೆ ಅಜ್ಜಿಯ ಮಾತನ್ನು ಸ್ವಲ್ಪ ನೋಡೋಣ. ಮನಿ ಪ್ಲಾಂಟನ್ನು ಕೊಂಡು ತರಬಾರದು, ಕದ್ದು ತರಬೇಕು, ಆಗಲೇ ಮನೆಗೆ ಹಣ ಬರುತ್ತದೆ ಎಂಬ ನಂಬಿಕೆ ನಮ್ಮ ದೇಶದ ಹಲವು ಕಡೆ ಇದೆ. ಅದು ನಿಜವೆಂದು ತೋರಲು ಕಾರಣವೂ ಇದೆ. ಆ ಬಳ್ಳಿ ಎಲ್ಲಿಟ್ಟರೂ ಬದುಕುವ ಜಾತಿ. ಕದ್ದ ತುಂಡು ಒಣಗಿದರೆ ಯಾರೂ ಊರಿಗೆ ಹೇಳುವುದಿಲ್ಲ. ಚಿಗುರಿದರೆ ಮಾತ್ರ ನಕ್ಕು ಹೇಳುತ್ತಾರೆ.

ಈ ನಂಬಿಕೆಯಲ್ಲಿ ಒಂದು ಮೃದುತ್ವವೂ ಇದ್ದೀತು. ಕೇಳಲು ಸಂಕೋಚಪಡುವ ಬಡವರು ಕೈಚಾಚದೆ ಒಂದು ಕುಡಿ ಒಯ್ಯಲಿ ಎಂದು ಹಿಂದಿನವರು ಕಣ್ಣು ಮುಚ್ಚಿಕೊಂಡಿರಬಹುದು. ಅಜ್ಜಿಯಂದಿರ ಮಾತನ್ನು ಒಮ್ಮೆಲೇ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಆ ಮಾತಿಗೆ ಇನ್ನೊಂದು ಮುಖವೂ ಇದೆ. ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಗ್ರಂಥದ ಎರಡನೆಯ ಭಾಗದಲ್ಲಿ ಹದಿನಾರರ ಹರೆಯದ ಒಂದು ಘಟನೆ ಹೇಳುತ್ತಾರೆ. ಗೆಳೆಯರೊಂದಿಗೆ ರಾತ್ರಿ ನೆರೆಯವರ ಮರದಿಂದ ಪೇರು ಹಣ್ಣು ಕದ್ದರು. ಹಸಿವಿರಲಿಲ್ಲ. ಅದಕ್ಕಿಂತ ಒಳ್ಳೆಯ ಹಣ್ಣು ಅವರಲ್ಲಿಯೇ ಇತ್ತು. ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಅವರಿಗೆ ರುಚಿಸಿದ್ದು ಹಣ್ಣಲ್ಲ, ಕಳವೇ.

ನಾನೂ ಗುರುಮಠದ ದಿನಗಳಲ್ಲಿ ಒಂದು ತೋಟದಿಂದ ಬಿಗೋನಿಯಾ ಎಲೆಯೊಂದನ್ನು ಜುಬ್ಬಾದ ಜೇಬಿನಲ್ಲಿ ಹಾಕಿಕೊಂಡು ಬಂದಿದ್ದೆ. ಬಣ್ಣದೆಲೆಯ ಬಿಗೋನಿಯಾದಲ್ಲಿ ಎಲೆಯ ಹಿಂಬದಿಯ ನರಗಳನ್ನು ಅಲ್ಲಲ್ಲಿ ಕೊಯ್ದು, ಹಸಿ ಉಸುಕಿನ ಮೇಲೆ ಅಂಗಾತ ಹರಡಿ ಒತ್ತಿಟ್ಟರೆ ಕೊಯ್ದ ಕಡೆಯಲ್ಲೆಲ್ಲ ಮರಿಗಳು ಏಳುತ್ತವೆ. ನನಗೆ ಅದು ತಿಳಿದಿರಲಿಲ್ಲ. ಕೇಳಲು ಯಾರೂ ಇರಲಿಲ್ಲ. ಕೇಳಿದರೆ ಎಲ್ಲಿಂದ ತಂದೆ ಎನ್ನುತ್ತಿದ್ದರು. ಎಲೆಯನ್ನು ಲೋಟದ ನೀರಿನಲ್ಲಿ ಮುಳುಗಿಸಿಟ್ಟೆ, ಕೊಳೆಯಿತು.

ಎಲೆಯ ಜೊತೆ ಬರುವುದು

ಗಿಡದಿಂದ ಗಿಡ ಮಾಡುವ ವಿದ್ಯೆಯನ್ನು ನೋಡಿದಷ್ಟೂ ಒಂದು ವಿಷಯ ಎದ್ದು ಕಾಣುತ್ತದೆ. ಕೇಳಿ ತಂದಾಗ ಎಲೆಯೊಂದೇ ಬರುವುದಿಲ್ಲ, ಅದರ ಜೊತೆ ತಿಳಿವಳಿಕೆಯೂ ಬರುತ್ತದೆ.

ಮನಿ ಪ್ಲಾಂಟನ್ನೇ ನೋಡಿ. ಅವಸರದಲ್ಲಿ ಬರೀ ಎಲೆ ಕಿತ್ತು ನೀರಿನ ಬಾಟಲಿಗೆ ಹಾಕಿದರೆ ಬೇರು ಬರುತ್ತದೆ. ಎಲೆ ತಿಂಗಳುಗಟ್ಟಲೆ ಹಸಿರಾಗಿ ನಿಲ್ಲುತ್ತದೆ. ಆದರೆ ಬಳ್ಳಿಯಾಗುವುದೇ ಇಲ್ಲ. ಕುಡಿ ಏಳುವ ಕಣ್ಣು ಇರುವುದು ಕಾಂಡದ ಗೆಣ್ಣಿನಲ್ಲಿ. ಬೆಳೆಸಿದವರನ್ನು ಕೇಳಿದ್ದರೆ "ಗೆಣ್ಣು ಸೇರಿಸಿ ಕತ್ತರಿಸಿಕೊ" ಎನ್ನುತ್ತಿದ್ದರು. ಹಳದಿ ಅಂಚು ಬೇಕಾದವರಿಗೆ ಬುಡವನ್ನೇ ಬಿಡಿಸಿ ಕೊಡುತ್ತಿದ್ದರು. ಕಾಡುಬಸಳೆಯಾದರೆ ಎಲೆಯ ಅಂಚಿನ ಕಚ್ಚುಗಳಲ್ಲೇ ಮರಿಗಳು ಹುಟ್ಟುತ್ತವೆ, ಕತ್ತರಿಯೇ ಬೇಡ ಎನ್ನುತ್ತಿದ್ದರು. ಜರ್ಮನಿಯ ಮಹಾಕವಿ ಗಯಟೆ (1749–1832) ಈ ಗಿಡವನ್ನು ಬಹಳ ಮೆಚ್ಚಿ, ಸ್ವತಃ ಬೆಳೆಸಿ, ಸ್ನೇಹಿತರಿಗೆ ಕಳಿಸುತ್ತಿದ್ದನು. ಆ ನಾಡಿನಲ್ಲಿ ಇಂದಿಗೂ ಅದಕ್ಕೆ ಅವನ ಹೆಸರಿದೆ. ಕೊಟ್ಟ ಗಿಡದ ಜೊತೆ ಕೊಟ್ಟವನ ಹೆಸರೂ ಉಳಿಯಿತು.

ಕುಷ್ಟಗಿ ಸೀಮೆಯ ರೈತರಿಗೆ ಇದರ ಗಂಭೀರ ಮುಖ ಗೊತ್ತಿದೆ. ಅಲ್ಲಿಯ ದಾಳಿಂಬೆ ಹೆಸರುವಾಸಿಯಾದದ್ದು. ಆ ಗಿಡವನ್ನು ಹೆಚ್ಚಿಸುವುದು ಬೀಜದಿಂದಲ್ಲ, ಕೊಂಬೆಗೆ ಗೂಟಿ ಕಟ್ಟಿ. ತಾಯಿಮರದ ಗುಣವೆಲ್ಲ ಮರಿಗೆ ಬರುತ್ತದೆ, ಅದರ ರೋಗವೂ ಬರುತ್ತದೆ. 2000ದ ನಂತರದ ವರ್ಷಗಳಲ್ಲಿ ದುಂಡಾಣು ಅಂಗಮಾರಿ ರೋಗ ಉತ್ತರ ಕರ್ನಾಟಕದ ದಾಳಿಂಬೆ ತೋಟಗಳನ್ನು ಹಾಳುಗೆಡವಿತು. ಅದು ಹೊಲದಿಂದ ಹೊಲಕ್ಕೆ ದಾಟಿದ ದಾರಿಗಳಲ್ಲಿ ರೋಗ ತಗುಲಿದ ಸಸಿಗಳೂ ಒಂದು. ನೋಡಲು ಹಸಿರಾದ ಕೊಂಬೆಯನ್ನು ರಾತ್ರಿ ಕತ್ತರಿಸಿ ಒಯ್ದವನಿಗೆ "ಆ ಮರ ಬೇಡ, ಚುಕ್ಕೆ ಬಿದ್ದಿದೆ" ಎಂದು ಹೇಳುವವರು ಯಾರು?

ನನ್ನ ಅರ್ಧ ಉತ್ತರ

ಸುಮಾರು ಒಂದು ತಿಂಗಳ ನಂತರ ಮತ್ತೆ ಅದೇ ಮನೆಗೆ ಹೋದೆ. ಹುಡುಗಿ ಮಾತು ಉಳಿಸಿಕೊಂಡಿದ್ದಳು. ಮೂರು ಹಸಿರು ಸಸಿಗಳಲ್ಲಿ ಒಂದನ್ನು ಕೈಯಲ್ಲಿ ಹಿಡಿದು ಅಕ್ಕೋರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದ್ದಳು. ಅಕ್ಕೋರು ಬೈಯಲಿಲ್ಲವಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೇಳಿದ್ರ ಕೊಡ್ತಿದ್ದಿಲ್ಲೇನು ನಾ?" ಎಂದರಂತೆ. ಕುಂಡ ಬಗ್ಗಿಸಿ, ಬುಡ ಬಿಡಿಸಿ, ಹಳದಿ ಅಂಚಿನ ಮರಿಯೊಂದನ್ನು ಕೊಟ್ಟರಂತೆ.

ಆ ದಿನ ಅಕ್ಕೋರೇ ನನ್ನನ್ನು ಕರೆಸಿ ಮಾತಾಡಿದರು. ಅವರು ಕಥೋಲಿಕರಲ್ಲ. ಆದರೂ ಒಂದು ವಿಷಯ ಯಾರಿಗಾದರೂ ಹೇಳಬೇಕೆನಿಸಿತ್ತು. ಈ ಗಿಡದ ಎಲೆಯನ್ನು ಒಮ್ಮೆ ಕತ್ತರಿಸಿದರೆ ಆ ಎಲೆ ಮತ್ತೆ ಬೆಳೆಯುವುದಿಲ್ಲ. ಮೊಂಡು ಹಾಗೆಯೇ ನಿಂತಿರುತ್ತದೆ. ಅಕ್ಕೋರು ಆ ಮೊಂಡನ್ನು ಅಂದೇ ನೋಡಿದ್ದರು. ಮುಸುರೆ ತಿಕ್ಕಲು ಬರುವ ಹೆಣ್ಣುಮಗಳ ಮೇಲೆ ಅವರಿಗೆ ಅನುಮಾನ ಬಂತು. ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಆದರೆ ಮೊದಲಿನಂತೆ ಕೀಲಿ ಕೊಟ್ಟು ಶಾಲೆಗೆ ಹೋಗುವುದನ್ನು ನಿಲ್ಲಿಸಿದರು. ಅವಳು ಬಂದಾಗ ಚಹಾ ಕೊಟ್ಟರೂ ಮಾತಾಡುವುದನ್ನು ಕಡಿಮೆ ಮಾಡಿದರು. "ಒಂದು ಎಲಿ ಸಲುವಾಗಿ ಅಲ್ರಿ ಫಾದರ್, ಎಲಿ ಒಯ್ದಾಕಿ ನಾಳೆ ಮತ್ತೇನರ ಒಯ್ದಾಳು ಅನಿಸ್ತು" ಎಂದರು. ನಾಲ್ಕೈದು ತಿಂಗಳು ಹೀಗೆಯೇ ನಡೆಯಿತು. ಆ ಹೆಣ್ಣುಮಗಳು ಕಾರಣ ಕೇಳಲಿಲ್ಲ. ಕೇಳುವ ಸ್ಥಾನದಲ್ಲಿ ಅವಳಿರಲಿಲ್ಲ.

ಓದುಗರೇ, ಯಾರಿಗೂ ನಷ್ಟವಿಲ್ಲ ಎಂದು ಹುಡುಗಿ ನಂಬಿದ್ದಳು. ನಾನೂ ಆ ಮಾತನ್ನು ಪರೀಕ್ಷಿಸದೆ ಒಪ್ಪಿಕೊಂಡೇ ಉತ್ತರ ಕೊಟ್ಟಿದ್ದೆ. ಆದರೆ ಅಷ್ಟು ದಿನವೂ ನಷ್ಟ ಅನುಭವಿಸುತ್ತಿದ್ದವರು ಒಬ್ಬರಿದ್ದರು. ಅವರು ನಮ್ಮ ಲೆಕ್ಕದಲ್ಲಿಯೇ ಇರಲಿಲ್ಲ. ಗುಟ್ಟಾಗಿ ತೆಗೆದುಕೊಳ್ಳುವವರು ತಾವೇ ಲೆಕ್ಕ ಹಾಕಿ ತಾವೇ ತೀರ್ಪು ಕೊಟ್ಟುಕೊಳ್ಳುತ್ತಾರೆ. ಅವರ ಕಣ್ಣಿಗೆ ಬೀಳುವುದು ಎಲೆ, ಕುಂಡ ಇಷ್ಟೇ. ಅದರಾಚೆ ಯಾರ ಮರ್ಯಾದೆ ಆ ಎಲೆಗೆ ಅಂಟಿಕೊಂಡಿದೆ ಎಂಬುದು ಅವರಿಗೆ ಕಾಣುವುದಿಲ್ಲ. ಕೇಳಿ ತೆಗೆದುಕೊಳ್ಳಬೇಕು ಎಂಬುದಕ್ಕೆ ನನಗೀಗ ತೋರುವ ಕಾರಣ ಇದು. ಇನ್ನೊಬ್ಬರಿಗೆ ಏನು ನಷ್ಟ ಎಂಬುದನ್ನು ನಾನು ಒಬ್ಬನೇ ಕುಳಿತು ತಿಳಿಯಲಾರೆ. ಬಾಯಿಬಿಟ್ಟು ಕೇಳಿದಾಗ ಮಾತ್ರ ಅದು ಬೆಳಕಿಗೆ ಬರುತ್ತದೆ.

ಏಳನೆಯ ಆಜ್ಞೆಯನ್ನು ಮೀರಿದ್ದು ಒಂದು ಮಗು, ಒಂದು ಎಲೆಯಷ್ಟು. ಅದರ ನೆರಳಿನಲ್ಲಿ ಎಂಟನೆಯ ಆಜ್ಞೆಯನ್ನು ದೊಡ್ಡವರು ಮೀರಿದರು. ನೆರೆಯವರ ಬಗ್ಗೆ ಸಾಕಷ್ಟು ಆಧಾರವಿಲ್ಲದೆ ಮನಸ್ಸಿನಲ್ಲೇ ಕೆಟ್ಟ ತೀರ್ಪು ಕೊಡುವುದೂ ಆ ಆಜ್ಞೆಗೆ ವಿರುದ್ಧವೆಂದು ಧರ್ಮಸಭೆ ಕಲಿಸುತ್ತದೆ. ಅನುಮಾನ ಬಂದಾಗ ಅಕ್ಕೋರ ಮನಸ್ಸು ಹೋದದ್ದು ಮನೆಯಲ್ಲಿ ಎಲ್ಲರಿಗಿಂತ ಬಡವಳ ಕಡೆಗೆ. ನಮ್ಮ ಮನಸ್ಸೂ ಅತ್ತಲೇ ಹೋಗುತ್ತಿತ್ತಲ್ಲವೇ?

"ಅಕೀಗೆ ಹೇಳ್ಲೇನ್ರಿ, ನಿನ್ನ ಮ್ಯಾಲೆ ಅನುಮಾನ ಇತ್ತು ಅಂತ?" ಎಂದು ಅಕ್ಕೋರು ಕೇಳಿದರು. ಈ ಪ್ರಶ್ನೆಗೆ ಪುಸ್ತಕದ ಉತ್ತರ ನನ್ನಲ್ಲಿರಲಿಲ್ಲ. ಹೇಳಿದರೆ ಅಕ್ಕೋರ ಮನಸ್ಸು ಹಗುರಾಗುತ್ತದೆ, ಭಾರ ಅವಳ ಮೇಲೆ ಬೀಳುತ್ತದೆ. ಹೇಳದಿದ್ದರೆ ಅವಳಿಗೆ ತಿಂಗಳುಗಟ್ಟಲೆ ತಾನೇನು ತಪ್ಪು ಮಾಡಿದೆನೋ ಎಂಬ ಕೊರಗು ಉಳಿಯುತ್ತದೆ. "ಮೊದಲು ಕೀಲಿ ಕೊಡಿ" ಎಂದೆ. "ಮಾತು ಮೊದಲಿನಂತಾಗಲಿ. ಅವಳೇ ಎಂದಾದರೂ ಕೇಳಿದರೆ ಸುಳ್ಳು ಹೇಳಬೇಡಿ, ತಪ್ಪಾಯಿತು ಅನ್ನಿ." ಇದು ಸರಿಯಾದ ಸಲಹೆಯೋ ಅಲ್ಲವೋ ಎಂದು ಇಂದೂ ಯೋಚಿಸುತ್ತೇನೆ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಮನೆಯವರೆಲ್ಲ ಕೂತು ಮಾತಾಡಿ ನೋಡಿ.

ಕೊಡುವವರಿಗೆ ಒಂದು ಮಾತು

ಕೇಳುವುದು ಧರ್ಮವಾದರೆ, ಕೇಳುವಂತೆ ಬಾಳುವುದೂ ಧರ್ಮ. ಒಂದು ಕುಡಿ ಕೇಳಿದರೆ ಮುಖ ಗಂಟಿಕ್ಕುವ ಮನೆಯ ಮುಂದೆ ಮಕ್ಕಳು ಕಳವು ಕಲಿಯುತ್ತಾರೆ. ಭೂಮಿಯ ಸಂಪತ್ತು ಎಲ್ಲರಿಗಾಗಿ ಇದೆ ಎಂಬುದು ಧರ್ಮಸಭೆಯ ಹಳೆಯ ಬೋಧನೆ. ನಮ್ಮ ದೇಶದ 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಕೂಡ ರೈತನು ತನ್ನ ಬೆಳೆಯ ಬೀಜವನ್ನು ಉಳಿಸಿ, ಹಂಚಿ, ವಿನಿಮಯ ಮಾಡಿಕೊಳ್ಳುವ ಹಕ್ಕನ್ನು ಕಾದಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡಿನ ಹೆಸರಿನಲ್ಲಿ ಮಾರುವುದಕ್ಕೆ ಮಾತ್ರ ತಡೆಯಿದೆ. ಆದರೆ ರಸ್ತೆಬದಿಯ ನರ್ಸರಿಯಲ್ಲಿ ಎಲೆ ಚಿವುಟುವುದು ಬೇರೆ ಮಾತು. ಅಲ್ಲಿ ಗಿಡವೇ ಒಬ್ಬರ ಅನ್ನ. ಉದುರಿ ಬಿದ್ದ ಎಲೆಯಾದರೂ "ತಗೊಳ್ಳಲೇನ್ರಿ?" ಎಂದರೆ ಯಾರೂ ಬೇಡವೆನ್ನಲಾರರು.

ಕೊಡುವಾಗ ರೋಗವಿಲ್ಲದ ಎಲೆ ಕೊಡಿ. ಬೆಳೆಸುವ ಬಗೆಯನ್ನೂ ಹೇಳಿಕೊಡಿ. ಮಕ್ಕಳ ಕೈಯಿಂದಲೇ ಕೊಡಿಸಿ.

ಮೊನ್ನೆ ಆ ಮನೆಯಿಂದ ಫೋನು ಬಂದಿತ್ತು. ಹಳದಿ ಅಂಚಿನ ಮರಿ ಹೊಸ ಎಲೆ ಬಿಟ್ಟಿದೆಯಂತೆ. ಹಸಿರು ಸಸಿಗಳಲ್ಲಿ ಒಂದು ಅಕ್ಕೋರ ಮನೆಯಲ್ಲಿದೆ. ಇನ್ನೊಂದನ್ನು ಮುಸುರೆ ತಿಕ್ಕುವ ಆ ಹೆಣ್ಣುಮಗಳು ನೋಡಿ, "ಇದರದೊಂದು ಎಲಿ ಕೊಡ್ತೀಯೇನು ತಂಗಿ?" ಎಂದು ಕೇಳಿದಳಂತೆ. ಹುಡುಗಿ ಡಬ್ಬಿಯ ಸಮೇತ ಗಿಡವನ್ನೇ ಕೊಟ್ಟುಬಿಟ್ಟಳಂತೆ.